ಕುಣಿದು ಬನ್ನಿ, ಮಲಗಿ ಬನ್ನಿ

2026ರ ಡಿಸೆಂಬರ್ 25 ಶುಕ್ರವಾರ ಬರುತ್ತದೆ. ಶನಿವಾರ, ಭಾನುವಾರ ಸೇರಿದರೆ ಮೂರು ದಿನ. ಸೋಮವಾರ ರಜೆ ಹಾಕಿದವರಿಗೆ ನಾಲ್ಕು. ಭಟ್ಕಳ, ಹೊನ್ನಾವರ, ಕುಮಟಾದ ಹುಡುಗ ಹುಡುಗಿಯರು, ಬೆಂಗಳೂರಿನಲ್ಲೋ ದುಬೈಯಲ್ಲೋ ದುಡಿಯುತ್ತ ರಜೆಗೆಂದು ಊರಿಗೆ ಬಂದವರು, ಆಗ ಗೋವಾದ ಅಂಜುನ, ವಾಗತೋರ್ ಕಡೆ ಹೊರಡುತ್ತೀರಿ. ಅಷ್ಟು ದೂರ ಬೇಡವೆಂದವರು ಗೋಕರ್ಣದ ಕುಡ್ಲೆ, ಓಂ ಬೀಚಿಗೆ ಹೋಗುತ್ತೀರಿ. ಟೆಕ್ನೋ, ಹೌಸ್ ಸಂಗೀತಕ್ಕೆ ಬೆಳಗಿನವರೆಗೆ ಕುಣಿಯುವ ಆಸೆ ನಿಮ್ಮದು. ಮನೆಯಲ್ಲಿ ಗೊತ್ತಾದರೆ ಮೊದಲು ಬರುವ ಮಾತು 'ಬೇಡ'. ನಾನು ಹಾಗೆ ಹೇಳುವುದಿಲ್ಲ. ಕುಣಿತದ ಬಗ್ಗೆ ನನಗೆ ಭಯವಿಲ್ಲ. ಕುಣಿದಾದ ಮೇಲೆ ನಸುಕಿನಲ್ಲಿ ಗಾಡಿ ಹತ್ತುತ್ತೀರಲ್ಲ, ನನ್ನ ಭಯವೆಲ್ಲ ಅಲ್ಲಿದೆ.

ರಾತ್ರಿಯಿಡೀ ತಾಳಕ್ಕೆ ಮೈಮನ ಕೊಡುವುದು ಈ ಸೀಮೆಗೆ ಹೊಸತಲ್ಲ. ಹೊನ್ನಾವರ ತಾಲೂಕಿನಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಯಕ್ಷಗಾನ ಮೇಳ ಕಟ್ಟಿದ್ದು 1934ರಲ್ಲಿ. ಅದೇ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ 2012ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು ಎಂಬತ್ತರ ಹತ್ತಿರ. ಆಗಲೂ ವೇಷ ಕಟ್ಟುತ್ತಿದ್ದರು. ಚಂಡೆಯ ಪೆಟ್ಟು ಎದೆಗೂಡಿನಲ್ಲಿ ಗುದ್ದುವುದು ಹೇಗಿರುತ್ತದೆಂದು ನಮಗೂ ಗೊತ್ತು ಮಕ್ಕಳೇ. ನಿಮ್ಮ ಸ್ಪೀಕರಿನ ಮುಂದೆ ನಿಮಗೆ ಆಗುವುದು ಅದೇ ಇರಬೇಕು. ಆದರೆ ಯಕ್ಷಗಾನದ ಆಟ ನೋಡುವವರಿಗೆ ರಾತ್ರಿಯನ್ನು ದಾಟುವ ಒಂದು ಕ್ರಮವಿತ್ತು. ಮಧ್ಯಾಹ್ನವೇ ಒಂದು ನಿದ್ದೆ ತೆಗೆಯುತ್ತಿದ್ದರು. ಹೊಟ್ಟೆ ತುಂಬ ಉಂಡು, ಚಾಪೆ ಹಿಡಿದು ಹೊರಡುತ್ತಿದ್ದರು. ನಡುವೆ ಕಣ್ಣೆಳೆದರೆ ಅಲ್ಲೇ ಮಲಗುತ್ತಿದ್ದರು, ಒಳ್ಳೆಯ ಪದ್ಯ ಬಂದಾಗ ಪಕ್ಕದವರು ತಟ್ಟಿ ಎಬ್ಬಿಸುತ್ತಿದ್ದರು. ಭಾಗವತರೂ ಮೊದಲ ಪದ್ಯದಲ್ಲೇ ಏರುದನಿ ಹಿಡಿದು ತಮ್ಮನ್ನು ಸುಟ್ಟುಕೊಳ್ಳುತ್ತಿರಲಿಲ್ಲ. ಬೆಳಗಿನ ಜಾವಕ್ಕೆ ಬೇಕಾದ ಉಸಿರನ್ನು ಉಳಿಸಿಟ್ಟಿರುತ್ತಿದ್ದರು. ಇನ್ನೊಂದು ದೊಡ್ಡ ವ್ಯತ್ಯಾಸವಿದೆ. ಆಟ ಮುಗಿಸಿ ನಾವು ನಡೆದು ಮನೆಗೆ ಬರುತ್ತಿದ್ದೆವು. ನಿದ್ದೆಗಣ್ಣಿನಲ್ಲಿ ಗದ್ದೆಯಂಚು ತಪ್ಪಿದರೆ ಮೊಣಕಾಲು ತರಚುತ್ತಿತ್ತು, ಅಷ್ಟೇ. ನೀವು ಅದೇ ನಿದ್ದೆಗಣ್ಣಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ಕ್ಕೆ ಇಳಿಯುತ್ತೀರಿ.

ನಿಮ್ಮ ಸಂಗೀತವನ್ನು ನಾನು ಕುಳಿತು ಕೇಳಿದ್ದೇನೆ, ಅದರ ಬಗ್ಗೆ ಓದಿದ್ದೇನೆ. ಅದನ್ನು ಬರಿ ಗದ್ದಲ ಎನ್ನುವ ನನ್ನ ವಾರಗೆಯವರಿಗೂ ಇದು ಗೊತ್ತಿರಲಿ ಎಂದು ಹೇಳುತ್ತೇನೆ. ಹೌಸ್ ಹುಟ್ಟಿದ್ದು ಅಮೆರಿಕದ ಶಿಕಾಗೋದಲ್ಲಿ. ವೇರ್‌ಹೌಸ್ ಎಂಬ ಕ್ಲಬ್ಬಿನಲ್ಲಿ ಫ್ರ್ಯಾಂಕಿ ನಕಲ್ಸ್ ನುಡಿಸುತ್ತಿದ್ದ ಸಂಗೀತಕ್ಕೆ ಆ ಕ್ಲಬ್ಬಿನದೇ ಹೆಸರು ಅಂಟಿಕೊಂಡಿತು. ಟೆಕ್ನೋ ಬೆಳೆದದ್ದು ಕಾರು ಕಾರ್ಖಾನೆಗಳ ಊರಾದ ಡೆಟ್ರಾಯಿಟ್‌ನಲ್ಲಿ, ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್ ಎಂಬ ಮೂವರು ಕಪ್ಪು ಹುಡುಗರ ಕೈಯಲ್ಲಿ. ನಮ್ಮ ದೇಶದ ಚರಣಜಿತ್ ಸಿಂಗ್ ಕೂಡ 1982ರಲ್ಲೇ ಈ ಸಂಗೀತ ಹೊಮ್ಮಿಸುವ ಎಲೆಕ್ಟ್ರಾನಿಕ್ ಯಂತ್ರಗಳನ್ನಿಟ್ಟುಕೊಂಡು ಹತ್ತು ರಾಗಗಳನ್ನು ಧ್ವನಿಮುದ್ರಿಸಿದ್ದರು. ಬರ್ಲಿನ್ನಿನ ಟೆಕ್ನೋ ಸಂಸ್ಕೃತಿಯನ್ನು ಜರ್ಮನಿ 2024ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕೀಳಾಗಿ ಕಾಣುವ ಕಲೆಯಲ್ಲ ಇದು. ಇದರಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ನ್ಯೂಯಾರ್ಕಿನ ಪ್ಯಾರಡೈಸ್ ಗ್ಯಾರೇಜ್ ಕ್ಲಬ್ಬಿನದು. 1977ರಿಂದ 1987ರವರೆಗೆ ನಡೆದ ಆ ಹೆಸರಾಂತ ಜಾಗದಲ್ಲಿ ಜನ ಬೆಳಗಿನವರೆಗೆ ಕುಣಿದರು, ಆದರೆ ಅಲ್ಲಿ ಮದ್ಯ ಮಾರುತ್ತಿರಲಿಲ್ಲ. ಭಟ್ಕಳದ ಎಷ್ಟೋ ಮನೆಗಳ ಮಕ್ಕಳು ಕುಡಿಯುವವರಲ್ಲ. ಗೆಳೆಯರ ಗುಂಪಿನಲ್ಲಿ ಮುದುಡಿಕೊಳ್ಳುತ್ತಾರೆ. ಮುದುಡಬೇಡಿ. ನೀರು ಕುಡಿದುಕೊಂಡು ಕುಣಿಯುವವರಿಗೂ ಈ ಸಂಗೀತದಲ್ಲಿ ಮೊದಲಿನಿಂದ ಜಾಗವಿದೆ. ಕುಡಿಯದ ಗೆಳೆಯನಿಗೆ ಒಂದೇ ಒಂದು ಗುಟುಕು ಎಂದು ಒತ್ತಾಯ ಮಾಡುವವನಿದ್ದರೆ, ತಮ್ಮಾ, ಅದನ್ನು ಈ ಸಲವೇ ಬಿಡು.

ಈಗ ನಿದ್ದೆಯ ಮಾತಿಗೆ ಬರುತ್ತೇನೆ. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 50 ಮಿಲಿಗ್ರಾಂ ಮದ್ಯವಿದ್ದವರಷ್ಟೇ ಕುಗ್ಗಿರುತ್ತದೆ ಎಂದು ನಿದ್ರೆಯ ಅಧ್ಯಯನಗಳು ತೋರಿಸಿವೆ. 24 ಗಂಟೆ ದಾಟಿದರೆ ಅದು 100 ಮಿಲಿಗ್ರಾಮಿಗೆ ಸಮ. ನಮ್ಮ ಮೋಟಾರು ವಾಹನ ಕಾಯ್ದೆ ಒಪ್ಪುವ ಮಿತಿ 30. ಹಾಗೆಂದರೆ ಹನಿ ಮದ್ಯ ಮುಟ್ಟದೆ, 'ನಾನು ಕುಡಿದಿಲ್ಲ, ನಾನೇ ಓಡಿಸುತ್ತೇನೆ' ಎಂದು ಕೀಲಿ ಕೈ ಕೇಳಿ ಪಡೆಯುವ ಒಳ್ಳೆಯ ಹುಡುಗನೂ ಬೆಳಗಿನ ಐದಕ್ಕೆ ಆ ಮಿತಿ ಮೀರಿದವನಂತೆಯೇ ಇರುತ್ತಾನೆ. ಪೊಲೀಸರ ಊದುವ ಯಂತ್ರಕ್ಕೆ ಅದು ಗೊತ್ತಾಗುವುದಿಲ್ಲ. ಅವನಿಗೂ ಗೊತ್ತಾಗುವುದಿಲ್ಲ, ಅದೇ ಸಂಕಟ. ಕಿವಿಯಲ್ಲಿ ಇನ್ನೂ ತಾಳ ಬಡಿಯುತ್ತಿರುತ್ತದೆ, ಮೈ ಹಗುರವೆನಿಸುತ್ತದೆ. ಕಾರು ಕಾಣಕೋಣ ಘಟ್ಟ ಇಳಿದು, ಕಾಳಿ ಸೇತುವೆ ದಾಟಿ, ಅಂಕೋಲೆಯ ನೇರ ದಾರಿಗೆ ಬಂದಾಗ ಹಿಂದಿನ ಸೀಟಿನವರೆಲ್ಲ ಮಲಗಿರುತ್ತಾರೆ. ಓಡಿಸುವವನ ಕಣ್ಣು ಎರಡು ಕ್ಷಣ ಮುಚ್ಚಿದರೆ ಸಾಕು. ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ಎಂದರೆ 50 ಮೀಟರ್ ದಾರಿ, ಕಣ್ಣಿಲ್ಲದೆ. ಎದುರಿಗೆ ಮೀನು ಲಾರಿ ಇರಬಹುದು, ಸೈಕಲ್ಲಿನಲ್ಲಿ ಹಾಲು ತರುವವನಿರಬಹುದು.

ಆದ್ದರಿಂದ ನನ್ನ ಕೇಳಿಕೆ ಇದು. ಮೂರು ರಾತ್ರಿ ಉಳಿಯುವುದಾದರೆ ಎರಡು ರಾತ್ರಿ ಕುಣಿಯಿರಿ, ಮೂರನೆಯದನ್ನು ನಿದ್ದೆಗೆ ಬಿಡಿ. ಕೋಣೆಗೆ ಕೊಡುವ ದುಡ್ಡು ದಂಡವೆಂದುಕೊಂಡು ಕ್ಲಬ್ಬಿನಿಂದ ಸೀದಾ ಊರಿಗೆ ಹೊರಡಬೇಡಿ. ಸಾಧ್ಯವಿದ್ದರೆ ಗಾಡಿಯನ್ನೇ ಒಯ್ಯಬೇಡಿ. ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಅದಕ್ಕೆ ಮುಂಚೆ ನಮಗೆ ಬಸ್ಸು ಬಿಟ್ಟರೆ ಗತಿಯಿರಲಿಲ್ಲ. ಇಂದು ಮೂರೂ ಊರಿನಲ್ಲಿ ನಿಲ್ದಾಣವಿದೆ, ಮಡಗಾಂವ್‌ವರೆಗೆ ಕುಳಿತರಾಯಿತು. ಬರುವಾಗ ಸೀಟಿನಲ್ಲಿ ಎಷ್ಟು ಬೇಕಾದರೂ ಮಲಗಿ. ಕುಮಟಾದಲ್ಲಿ ಇಳಿಯಬೇಕಾದವರು ಭಟ್ಕಳಕ್ಕೆ ಹೋಗಿ ಇಳಿದರೂ ನಷ್ಟವಿಲ್ಲ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಮಣಿಪಾಲಕ್ಕೋ, ಮಂಗಳೂರಿಗೋ, ಹುಬ್ಬಳ್ಳಿಗೋ, ಗೋವಾಕ್ಕೋ ಒಯ್ಯಬೇಕು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬ್ಯುಲೆನ್ಸೇ ಶಿರೂರು ಟೋಲ್‌ಗೇಟಿನಲ್ಲಿ ಉರುಳಿ ನಾಲ್ವರು ತೀರಿಕೊಂಡರು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ಕೂಗಿದ್ದೇ ಕೂಗಿದ್ದು. ಬೆಂಗಳೂರಿನಲ್ಲಿ ಬದುಕಬಹುದಾದ ಗಾಯ ಇಲ್ಲಿ ದಾರಿಯಲ್ಲೇ ಜೀವ ತೆಗೆಯಬಹುದು.

ಮಾದಕ ಮಾತ್ರೆಗಳ ವಿಷಯವೂ ನಾಚಿಕೆಪಟ್ಟು ಬಿಡುವಂಥದ್ದಲ್ಲ. ಎಂಡಿಎಂಎ ನುಂಗಿ ಸೆಕೆಯ ಜಾಗದಲ್ಲಿ ಗಂಟೆಗಟ್ಟಲೆ ಕುಣಿದರೆ ಮೈಯ ಕಾವು ಅಂಕೆ ಮೀರಿ ಏರುತ್ತದೆ. ಅದಕ್ಕೆ ಹೆದರಿ ಮಿತಿಯಿಲ್ಲದೆ ನೀರು ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಅದರಿಂದಲೂ ಜೀವ ಹೋಗಬಹುದು. ಪೊಟ್ಟಣದೊಳಗೆ ನಿಜವಾಗಿ ಏನಿದೆ ಎನ್ನುವುದು ಮಾರುವವನಿಗೂ ತಿಳಿದಿರುವುದಿಲ್ಲ. ಕಾನೂನಿನ ಕಡೆಯಿಂದ ನೋಡಿದರೆ 1985ರ ಮಾದಕ ವಸ್ತು ಕಾಯ್ದೆಯಡಿ 10 ಗ್ರಾಂ ಎಂಡಿಎಂಎ ಮೀರಿದರೆ ಅದು ವಾಣಿಜ್ಯ ಪ್ರಮಾಣ, ಶಿಕ್ಷೆ ಕನಿಷ್ಠ 10 ವರ್ಷ. 'ಇದನ್ನು ಸ್ವಲ್ಪ ನಿನ್ನ ಚೀಲದಲ್ಲಿಡು' ಎಂದು ಯಾರೇ ಕೊಟ್ಟರೂ ಮುಟ್ಟಬೇಡಿ. ಜೊತೆಯವರಲ್ಲಿ ಯಾರಾದರೂ ತಗೊಂಡು ಮೈ ಸುಡುತ್ತಿದ್ದರೆ, ತಡವರಿಸುತ್ತಿದ್ದರೆ, ಮರ್ಯಾದೆಯ ಯೋಚನೆ ಬಿಟ್ಟು ತಂಪಾದ ಕಡೆ ಕರೆದೊಯ್ದು 108ಕ್ಕೆ ಫೋನ್ ಮಾಡಿ. ಏನು ತಗೊಂಡಿದ್ದಾರೆ ಎಂಬುದನ್ನು ಡಾಕ್ಟರಿಂದ ಮುಚ್ಚಿಡಬೇಡಿ.

ಒಳಗೆ ಹೋದ ಕೂಡಲೇ ಹೊರಗೆ ಬರುವ ಬಾಗಿಲು ಎಲ್ಲಿದೆ ನೋಡಿಕೊಳ್ಳಿ. 2025ರ ಡಿಸೆಂಬರ್ 6ರ ನಡುರಾತ್ರಿ ಗೋವಾದ ಆರ್ಪೋರಾದ ಕ್ಲಬ್ಬೊಂದಕ್ಕೆ ಬೆಂಕಿ ಬಿದ್ದು 25 ಜನ ಸತ್ತರು. ಹೆಚ್ಚಿನವರು ಅಲ್ಲೇ ದುಡಿಯುತ್ತಿದ್ದ, ದೂರದೂರಿನಿಂದ ಹೊಟ್ಟೆಪಾಡಿಗೆ ಬಂದ ಹುಡುಗರು. ಬಾಗಿಲು ಒಂದೇ, ಅದೂ ಇಕ್ಕಟ್ಟು ಎಂದಾದರೆ ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ, ತಿರುಗಿ ಬನ್ನಿ. ಕಿವಿಗೆ ರಬ್ಬರಿನ ಬಿರಡೆ ಇಟ್ಟುಕೊಳ್ಳಿ. 100 ಡೆಸಿಬೆಲ್ ಸದ್ದನ್ನು ವಾರಕ್ಕೆ 20 ನಿಮಿಷಕ್ಕಿಂತ ಹೆಚ್ಚು ಕೇಳುವುದು ಕಿವಿಗೆ ಅಪಾಯ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ನೀವು ಆರು ಗಂಟೆ ಕೇಳುತ್ತೀರಿ. ಕಿವಿಯೊಳಗೆ ಸದ್ದು ಹಿಡಿಯುವ ಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ.

ಗೋಕರ್ಣಕ್ಕೆ ಹೋಗುವವರಿಗೆ ಬೇರೆಯದೇ ಮಾತಿದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕಬಾರದೆಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ನಮ್ಮ ಆಟಗಳು ಕಾಲಮಿತಿಗೆ ಇಳಿದದ್ದರಲ್ಲೂ ಆ ನಿಯಮದ ಪಾಲಿದೆ. ಅದು ನನಗೆ ನೋವು, ಆದರೂ ದಡದ ಮೀನುಗಾರರ ಮನೆಗಳಿಗೆ ನಿದ್ದೆ ಬೇಕು, ಅವರು ನಸುಕಿಗೆ ದೋಣಿ ಇಳಿಸುವವರು. ಇನ್ನೂ ಹತ್ತಿರದ ದಡ ಹುಡುಕುವವರೂ ನೆನಪಿಡಿ, ಹೊನ್ನಾವರದ ಕಾಸರಕೋಡು ಟೊಂಕದ ಮರಳಿಗೆ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಮರಿಗಳು ಬೆಳಕನ್ನೇ ಕಡಲೆಂದು ನಂಬಿ ದಾರಿ ತಪ್ಪುತ್ತವೆ. ಅಲ್ಲಿ ದೀಪ, ಸ್ಪೀಕರ್ ಬೇಡವೇ ಬೇಡ. ಎಷ್ಟೇ ಸೆಕೆಯಾದರೂ ಕುಣಿದ ಮೈಯಲ್ಲಿ ರಾತ್ರಿ ನೀರಿಗಿಳಿಯಬೇಡಿ. ಈಜು ಬಲ್ಲ ನಮ್ಮೂರ ಮಕ್ಕಳಿಗೇ ಈ ಮಾತು. ಓಂ ಬೀಚಿನ ಬಂಡೆಗಳ ನಡುವಿನ ಸೆಳೆತಕ್ಕೆ ನೀವು ಊರವರೆಂಬ ಗುರುತಿಲ್ಲ.

ತಂಗೀ, ನೀನು ಹೋಗುವುದಾದರೆ ನಿನ್ನ ಲೋಟ ನಿನ್ನ ಕೈಯಲ್ಲಿರಲಿ, ಮರಳುವ ದುಡ್ಡು ನಿನ್ನ ಹತ್ತಿರವೇ ಇರಲಿ. ಹುಡುಗರೇ, ಗುಂಪಿನ ಹುಡುಗಿ ಸಾಕು, ಹೊರಡೋಣ ಎಂದರೆ ಕಾರಣ ಕೇಳದೆ ಹೊರಡಿ. ಎಷ್ಟು ಜನ ಹೋದಿರೋ ಅಷ್ಟೂ ಜನ ಕೋಣೆ ಸೇರಿದ ಮೇಲೆಯೇ ಒಬ್ಬೊಬ್ಬರೂ ಮಲಗಬೇಕು.

ಹೊರಡುವ ಮುಂಚೆ ಎಲ್ಲಿ ಉಳಿಯುತ್ತೀರಿ, ಯಾರ ಜೊತೆ ಎಂಬುದನ್ನು ಒಬ್ಬ ಹಿರಿಯರಿಗೆ ಹೇಳಿಡಿ. ಅಪ್ಪ, ಅಮ್ಮನಿಗೆ ಹೇಳಲಾಗದಿದ್ದರೆ ಅಕ್ಕನಿಗೆ, ಭಾವನಿಗೆ, ಚಿಕ್ಕಮ್ಮನಿಗೆ ಹೇಳಿ. ಅವರಲ್ಲೂ ನನ್ನದೊಂದು ಬೇಡಿಕೆ: ನಡುರಾತ್ರಿ ಫೋನ್ ಬಂದರೆ ಮೊದಲು 'ಎಲ್ಲಿದ್ದೀರಿ' ಎಂದು ಕೇಳಿ, ಯಾಕೆ ಹೋದಿರಿ ಎಂಬುದನ್ನು ಮಕ್ಕಳು ಮನೆಗೆ ಬಂದ ಮೇಲೆ ಕೇಳಿದರಾಯಿತು.