ಅಬಿಡ್ಸ್‌ನಲ್ಲಿ ಯುದ್ಧ ಬೇಡವೆಂದು ಹಾಡುವವರಿಗೆ

ಭಾನುವಾರ ಹೈದರಾಬಾದಿನ ಅಬಿಡ್ಸ್‌ನ ಅಂಗಡಿಗಳು ಷಟರ್ ಎಳೆದಿರುತ್ತವೆ. ಅವುಗಳ ಮುಂದಿನ ಫುಟ್‌ಪಾತಿನಲ್ಲಿ ಹಳೇ ಪುಸ್ತಕದವರು ಹರಡಿಕೊಂಡು ಕೂತಿರುತ್ತಾರೆ. ಉಳಿದ ಆರು ದಿನ ಇಲ್ಲಿ ಯಾರೂ ಯಾರಿಗಾಗಿಯೂ ನಿಲ್ಲುವುದಿಲ್ಲ. ಭಾನುವಾರ ಮಾತ್ರ ಪುಸ್ತಕ ತಿರುವುತ್ತ ನಿಂತವರು ಹಾಡಿಗೂ ಸ್ವಲ್ಪ ಕಿವಿ ಕೊಡುತ್ತಾರೆ. ಹಲಗೆ ಹಿಡಿದು ಈ ಊರಲ್ಲಿ ಓಡಾಡಿ ಕಲಿತದ್ದರಲ್ಲಿ ಕೆಲವನ್ನು, ಹೊಸದಾಗಿ ಹಾಡಲು ಹೊರಟ ಕನ್ನಡದ ಹುಡುಗ ಹುಡುಗಿಯರಿಗಾಗಿ ಬರೆದಿಡುತ್ತಿದ್ದೇನೆ.

1. ಸಿಪಾಯಿಯನ್ನು ಬೈಯಬೇಡಿ. ಪಕ್ಕದ ಸಿಕಂದರಾಬಾದಿನಲ್ಲಿ ಬ್ರಿಟಿಷರ ಕಾಲದ ದಂಡು ಪ್ರದೇಶವಿದೆ. ಕ್ಷಿಪಣಿ ತಯಾರಿಸುವ ಭಾರತ್ ಡೈನಮಿಕ್ಸ್ ಕಂಪನಿ 1970ರಿಂದ ಹೈದರಾಬಾದಿನಲ್ಲೇ ಇದೆ. ನಿಮ್ಮೆದುರು ನಿಂತವರಲ್ಲಿ ಒಬ್ಬರ ಅಣ್ಣ ಗಡಿಯಲ್ಲಿರುತ್ತಾನೆ, ಇನ್ನೊಬ್ಬರ ಮನೆಯ ಅನ್ನ ಆ ಕಾರ್ಖಾನೆಯದ್ದಾಗಿರುತ್ತದೆ. ಅವರನ್ನು ಕಳೆದುಕೊಂಡು ಹಾಡಿದರೆ ನಮ್ಮವರಿಗೆ ನಾವೇ ಹಾಡಿಕೊಂಡಂತೆ.

ಇದನ್ನು ಕಲಿಯಲು ಉರ್ದು ಕವಿ ಮಖ್ದೂಂ ಮೊಹಿಯುದ್ದೀನ್ ಸಾಕು. ಸಿಟಿ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಆಮೇಲೆ ಕಮ್ಯುನಿಸ್ಟ್ ಪಕ್ಷಕ್ಕಾಗಿ ಭೂಗತರಾದವರು. ಅಬಿಡ್ಸ್‌ನ ಓರಿಯಂಟ್ ಹೋಟೆಲಿನಲ್ಲಿ ಅವರ ಬೈಠಕ್ ಇತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವರು ರಣರಂಗಕ್ಕೆ ಹೊರಟ ಸಿಪಾಯಿಯ ಮೇಲೊಂದು ಪದ್ಯ ಬರೆದರು. ಅದರಲ್ಲಿ ದೊರೆಗಳಿಗೆ ಶಾಪವಿಲ್ಲ. ಹಸಿದ ಮಕ್ಕಳನ್ನು ಹಾಡಿ ಸಮಾಧಾನ ಮಾಡುವ ಹೆಂಗಸೊಬ್ಬಳಿದ್ದಾಳೆ, ಸುಡುವ ಹೆಣದ ವಾಸನೆಯಿದೆ. ಹೊರಟವನ ಬಗ್ಗೆ ಮಾತ್ರ ಎಲ್ಲೂ ಕೊಂಕು ನುಡಿಯಿಲ್ಲ. ಅದಕ್ಕೇ ಅದು 1960ರಲ್ಲಿ, ಸೈನಿಕನನ್ನೇ ನಾಯಕನನ್ನಾಗಿಟ್ಟುಕೊಂಡ ‘ಉಸ್ನೆ ಕಹಾ ಥಾ’ ಚಿತ್ರದೊಳಗೂ ಸಲೀಸಾಗಿ ಹೊಂದಿಕೊಂಡಿತು. ಸಲಿಲ್ ಚೌಧರಿಯವರ ಸಂಗೀತ, ಮನ್ನಾ ಡೇ ಅವರ ಕಂಠ. ಮಖ್ದೂಂ ತೀರಿಹೋಗಿ ಅರ್ಧ ಶತಮಾನ ದಾಟಿತು, ಹಾಡು ಇನ್ನೂ ಓಡಾಡುತ್ತಿದೆ.

2. ಯಾವ ಯುದ್ಧ ಬೇಡ ಅನ್ನುತ್ತಿದ್ದೀರಿ ಎಂಬುದು ನಿಮಗೆ ಗೊತ್ತಿರಲಿ. ಕೇಳುಗರು ಕೇಳಿಯೇ ಕೇಳುತ್ತಾರೆ. ಇದೇ ಮಖ್ದೂಂ ಅದೇ ಮಹಾಯುದ್ಧವನ್ನು ಸ್ವಾತಂತ್ರ್ಯದ ಸಮರವೆಂದು ಕರೆದು ಹೆಜ್ಜೆ ಹಾಕಿಸುವ ಹಾಡನ್ನೂ ಬರೆದರು. 1941ರ ಜೂನಿನಲ್ಲಿ ಹಿಟ್ಲರ್ ಸೋವಿಯತ್ ದೇಶದ ಮೇಲೆ ದಂಡೆತ್ತಿ ಹೋದ ಮೇಲೆ ಕಮ್ಯುನಿಸ್ಟರ ನಿಲುವೇ ಬದಲಾಗಿತ್ತು. ಇದನ್ನು ದ್ವಂದ್ವವೆಂದು ಹಂಗಿಸುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಫ್ಯಾಸಿಸಮ್ಮಿನೆದುರು ಸುಮ್ಮನಿರಲಾಗದು ಅಂದುಕೊಂಡ ಮನುಷ್ಯ ಅದನ್ನು ಬಚ್ಚಿಡದೆ ಹಾಡಿದ. ಆದರೂ ಜನರ ಬಾಯಲ್ಲಿ ಹೆಚ್ಚು ಉಳಿದದ್ದು ಸಿಪಾಯಿಯ ಹಾಡೇ.

3. ಘೋಷಣೆಯನ್ನು ರಾಗದಲ್ಲಿ ಕೂಗಿದರೆ ಹಾಡಾಗುವುದಿಲ್ಲ. ‘ಯುದ್ಧ ಬೇಡ, ಶಾಂತಿ ಬೇಕು’ ಅಂದರೆ ಒಲ್ಲೆ ಅನ್ನುವವರು ಯಾರು? ತಲೆಯಾಡಿಸಿ ಮುಂದೆ ಹೋಗುತ್ತಾರೆ. ಅದರ ಬದಲು ನಮ್ಮ ಮೇಳ ಹೀಗೆ ಹಾಡುತ್ತದೆ:

ಕಟ್ಟಿ ಮ್ಯಾಲ ಬಿಟ್ಟು ಹೋದ ಮಗನ ಕಾಲ್ಮರಿಗೆ
ವಾರಕ್ಕೊಮ್ಮಿ ಎಣ್ಣಿ ಹಚ್ಚತಾಳ ಹಡದವ್ವ

ಎಲ್ಲಿಯ ಯುದ್ಧ, ಮಗ ಬಂದನೋ ಇಲ್ಲವೋ, ಏನೂ ಹೇಳಿಲ್ಲ. ತೊಗಲಿನ ಕಾಲ್ಮರಿಗೆ ಎಣ್ಣೆ ಕಾಣಿಸದಿದ್ದರೆ ಅದು ಸೆಟೆದು ಸೀಳುತ್ತದೆಂದು ಹಳ್ಳಿ ಕಂಡವರಿಗೆಲ್ಲ ಗೊತ್ತು. ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ.

4. ಧಾಟಿಗೆ ದೂರ ಹೋಗಬೇಡಿ. ಗಿಟಾರು ಹಿಡಿದ ಕೂಡಲೇ ಎಲ್ಲರೂ ಬಾಬ್ ಡಿಲನ್ ಆಗಲು ನೋಡುತ್ತಾರೆ. ಡಿಲನ್ ದೊಡ್ಡವರು, ಅನುಮಾನವಿಲ್ಲ. ಆದರೆ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ವಿಜಯಪುರದ ಹಳ್ಳಿಗಳಲ್ಲಿ ಮೊಹರಂ ಬಂದರೆ ಹಿಂದೂ ಮುಸ್ಲಿಮರು ಕೂಡಿಯೇ ರಿವಾಯತ್ ಪದ ಹಾಡುತ್ತಾರಲ್ಲ, ಯುದ್ಧದ ಸಂಕಟಕ್ಕೆ ಕನ್ನಡದಲ್ಲಿ ಅದಕ್ಕಿಂತ ಚೆನ್ನಾಗಿ ಒದಗುವ ಧಾಟಿಯನ್ನು ನಾನು ಕೇಳಿಲ್ಲ. ಮೊಹರಮ್ಮಿನಲ್ಲಿ ನೆನೆಯುವ ಕ್ರಿ.ಶ. 680ರ ಕರ್ಬಲಾ ಕಾಳಗವನ್ನು ನಮ್ಮ ಕಡೆಯ ಒಕ್ಕಲುಮಕ್ಕಳು ತಮ್ಮೂರಲ್ಲೇ ನಡೆದಂತೆ ಹಾಡಿಕೊಂಡರು. ಖಲೀಫನ ಗಾದಿ ಯಾರಿಗೆ ಸಲ್ಲಬೇಕಿತ್ತು ಎಂಬ ತಕರಾರಿಗಿಂತ ನೀರಿಲ್ಲದೆ ನರಳಿದ ಕೂಸು ಆ ಪದಗಳಲ್ಲಿ ದೊಡ್ಡದು.

ರಿವಾಯತ್ ಹಾಡುವ ರೀತಿಯಲ್ಲಿ ಒಂದು ಉಪಾಯವೂ ಇದೆ. ಮುಮ್ಮೇಳದವ ಒಂದು ಸಾಲು ಎತ್ತಿದರೆ ಹಿಮ್ಮೇಳ ಅದನ್ನೇ ಮತ್ತೆ ಹಿಡಿಯುತ್ತದೆ. ಬಸ್ಸಿನ ಹಾರನ್ನಿನಲ್ಲಿ ಮೊದಲ ಸಲ ಮುಳುಗಿದ ಮಾತು ಎರಡನೇ ಸಲ ಕಿವಿಗೆ ಬೀಳುತ್ತದೆ. ನಾಲ್ಕು ರಸ್ತೆ ಕೂಡುವ ಕಡೆ ಹಾಡುವವರಿಗೆ ಇದಕ್ಕಿಂತ ಒಳ್ಳೆಯ ಸೌಂಡ್ ಸಿಸ್ಟಮ್ಮಿಲ್ಲ. ಹೈದರಾಬಾದಿನವರಿಗೆ ಮೊಹರಮ್ಮಿನ ಶೋಕಗೀತೆ ಹೊಸದೂ ಅಲ್ಲ. ಕನ್ನಡ ಬಾರದವರೂ ಧಾಟಿ ಕೇಳಿಯೇ ತಿರುಗಿ ನೋಡುತ್ತಾರೆ.

5. ನಗಿಸುವವನೊಬ್ಬ ಇರಲಿ. ತೆಲುಗಿನ ಹಾಡುಗತೆಯಾದ ಬುರ್ರಕಥೆಯಲ್ಲಿ ಕಥೆಗಾರನ ಒಂದು ಪಕ್ಕ ರಾಜಕೀಯ ಮಾತಾಡುವವನು, ಇನ್ನೊಂದು ಪಕ್ಕ ಹಾಸ್ಯದವನು. ಬುರ್ರಕಥೆಯ ಕಲಾವಿದ ಶೇಖ್ ನಾಜರ್, ಎಡಪಂಥೀಯ ಕಲಾತಂಡವಾದ ಪ್ರಜಾನಾಟ್ಯ ಮಂಡಳಿ 1943ರಲ್ಲಿ ಹುಟ್ಟಿದ ಆ ಕಾಲದಲ್ಲಿ, ಬಂಗಾಳದ ಬರದಂಥ ಕಥೆಯನ್ನೂ ಇದೇ ಕಟ್ಟಿನಲ್ಲಿ ಹಾಡಿ ಜನರನ್ನು ಕೂರಿಸಿದರು. ಅಳಿಸುತ್ತಲೇ ಹೋದರೆ ಜನ ಎದ್ದು ಹೋಗುತ್ತಾರೆ. ಯುದ್ಧದಲ್ಲಿ ನಗುವಂಥದ್ದೇನಿದೆ ಅನ್ನುವವರು ರಾತ್ರಿ ಒಂಬತ್ತರ ಟಿವಿ ಚರ್ಚೆ ನೋಡಲಿ. ಹಾಸ್ಯಗಾರನಿಗೆ ಬೇಕಾದ ಸರಕೆಲ್ಲ ಅಲ್ಲೇ ಇದೆ.

6. ಪೊಲೀಸರ ಅನುಮತಿ ಪತ್ರ ಜೇಬಿನಲ್ಲಿರಲಿ, ಒಂದು ಜೆರಾಕ್ಸ್ ಹಲಗೆಯವನ ಹತ್ತಿರವೂ ಇರಲಿ. ರಾತ್ರಿ ಹತ್ತರ ಮೇಲೆ ಮೈಕು ಮುಟ್ಟಬೇಡಿ. ಇಂದಿರಾ ಪಾರ್ಕಿನ ಧರ್ನಾ ಚೌಕಕ್ಕೆ ಹೋದರೆ ಕೇಳುವವರೆಲ್ಲ ಮೊದಲೇ ನಿಮ್ಮ ಕಡೆಯವರು. ಹೊಸ ಕಿವಿ ಬೇಕಾದರೆ ಅಬಿಡ್ಸೇ ಮೇಲು.

7. ಕದನದ ಸುದ್ದಿ ಬಂದ ಮೇಲೆ ಬರೆಯಲು ಕೂರಬೇಡಿ. ಆಗ ನಿಮ್ಮ ನಾಲಗೆಯೂ ಬಿಸಿಯಾಗಿರುತ್ತದೆ, ಕೇಳುವವರ ರಕ್ತವೂ ಕಾದಿರುತ್ತದೆ. ಹಾಡು ಹದವಾಗುವುದು ಗಡಿ ತಣ್ಣಗಿದ್ದಾಗ. ಈಗಲೇ ಊರಿಗೆ ಹೋಗಿ, ರಿವಾಯತ್ ಬಲ್ಲ ಹಿರಿಯರು ಇನ್ನೂ ಇದ್ದಾರೆ, ಅವರ ಪಕ್ಕ ಕೂತು ಕೆಲವು ಪದ ಬಾಯಿಪಾಠ ಮಾಡಿ. ನಿಮ್ಮ ಸ್ವಂತದ್ದನ್ನು ಆಮೇಲೆ ಬರೆಯಿರಿ.