ದುರಸ್ತಿಯ ತರುವಾಯ ಬರುವ ಸದ್ದು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳು ಕೃಷ್ಣೆ ಘಟಪ್ರಭೆಯರ ನೀರುಂಡ ಕಬ್ಬಿನ ಸೀಮೆ. ಇಲ್ಲಿ ಕಾರನ್ನು ಇಟ್ಟುಕೊಂಡವರಿಗೆ ಅದರ ಮುಂಗಾಲಿಗಳ ಬೇನೆ ಹೊಸದಲ್ಲ. ಈ ಭಾಗದ ನೆಲದಲ್ಲಿ ಎರೆಮಣ್ಣು ಹೇರಳವಾಗಿದೆ. ಅದರಲ್ಲಿರುವ ಜೇಡಿಯ ಕಣಗಳು ಮಳೆಗಾಲದಲ್ಲಿ ನೀರನ್ನು ಹೀರಿ ಉಬ್ಬುತ್ತವೆ, ಬೇಸಗೆಯಲ್ಲಿ ಒಣಗಿ ಕುಗ್ಗುತ್ತವೆ. ಹೀಗೆ ಏರಿಳಿಯುವ ನೆಲದ ಮೇಲೆ ಹಾಸಿದ ಡಾಂಬರು ಬಹುಕಾಲ ಸಮವಾಗಿ ನಿಲ್ಲಲಾರದು. ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರೇಲರುಗಳ ತುಂಬ ಕಬ್ಬು ಹೇರಿಕೊಂಡು ಸಾಗುವ ಟ್ರ್ಯಾಕ್ಟರುಗಳ ಭಾರವೂ ಇದಕ್ಕೆ ಕೂಡಿದಾಗ ರಸ್ತೆಯಲ್ಲಿ ತಗ್ಗುಗಳು ಬೀಳುತ್ತವೆ. ಆ ತಗ್ಗುಗಳ ಪೆಟ್ಟನ್ನು ಮೊದಲು ತಿನ್ನುವುದು ಕಾರಿನ ಮುಂಭಾಗದ ಕೀಲುಗಳು. ಆದುದರಿಂದ ಸಸ್ಪೆನ್ಷನ್ ದುರಸ್ತಿ ಇಲ್ಲಿ ಮತ್ತೆ ಮತ್ತೆ ಮಾಡಿಸಬೇಕಾಗಿ ಬರುವ ಕೆಲಸ.

ಆದರೆ ದುರಸ್ತಿ ಮುಗಿದು ಕಾರು ಮನೆಗೆ ಬಂದ ಮೇಲೆ, ಮೊದಲು ಇಲ್ಲದಿದ್ದ ಹೊಸ ಸದ್ದೊಂದು ಕೇಳಿಬಂದರೆ? ನೆಟ್ಟಗೆ ಓಡುತ್ತಿದ್ದ ಕಾರು ಒಂದು ಪಕ್ಕಕ್ಕೆ ಎಳೆಯತೊಡಗಿದರೆ? ಕೆಲವರು ‘ಹೊಸ ಸಾಮಾನು, ಓಡುತ್ತ ಓಡುತ್ತ ಹೊಂದಿಕೊಳ್ಳುತ್ತದೆ’ ಎಂದು ಸುಮ್ಮನಾಗುತ್ತಾರೆ. ಕೆಲವರು ಒಂದರ ಹಿಂದೊಂದು ಭಾಗವನ್ನು ಬದಲಿಸುತ್ತ ಹಣ ಕಳೆಯುತ್ತಾರೆ. ಎರಡೂ ಸರಿಯಾದ ದಾರಿಯಲ್ಲ. ದುರಸ್ತಿಯ ಬೆನ್ನಿಗೇ ಹುಟ್ಟಿದ ದೋಷವನ್ನು ಮೊದಲು ಹುಡುಕಬೇಕಾದುದು ಬಿಚ್ಚಿ ಜೋಡಿಸಿದ ಕೀಲುಗಳಲ್ಲಿಯೇ. ಅದು ಯಾವಾಗ ಕೇಳಿಸುತ್ತದೆ, ಯಾವಾಗ ನಿಲ್ಲುತ್ತದೆ ಎಂಬುದನ್ನು ಕ್ರಮವಾಗಿ ಗಮನಿಸಿದರೆ ಅದರ ನೆಲೆಯನ್ನು ಹೆಚ್ಚು ಖರ್ಚಿಲ್ಲದೆಯೇ ಗೊತ್ತುಮಾಡಬಹುದು.

ಮುಂಭಾಗದ ರಚನೆ

ಎರಡು ಗಾಲಿಯ ಎತ್ತಿನ ಬಂಡಿಗೆ ತಿರುಗುವ ಚಿಂತೆಯಿಲ್ಲ. ಎತ್ತು ತಿರುಗಿದತ್ತ ಬಂಡಿಯೂ ತಿರುಗುತ್ತದೆ. ನಾಲ್ಕು ಗಾಲಿಯ ವಾಹನದ ಕಥೆ ಬೇರೆ. ತಿರುವಿನಲ್ಲಿ ಒಳಗಿನ ಗಾಲಿ ಚಿಕ್ಕ ವೃತ್ತದಲ್ಲಿಯೂ ಹೊರಗಿನದು ದೊಡ್ಡ ವೃತ್ತದಲ್ಲಿಯೂ ಸಾಗಬೇಕು. ಆದುದರಿಂದ ಎರಡೂ ಬೇರೆ ಬೇರೆ ಕೋನಗಳಲ್ಲಿ ಹೊರಳಬೇಕು. ಇದಕ್ಕೆ ತಕ್ಕ ಜೋಡಣೆಯನ್ನು ಮ್ಯೂನಿಕ್ ನಗರದ ಸಾರೋಟು ತಯಾರಕ ಗಿಯೋರ್ಗ್ ಲಾಂಕೆನ್‌ಸ್ಪರ್ಗರ್ ಎಂಬವನು ಕಂಡುಹಿಡಿದನು. 1818ರಲ್ಲಿ ರುಡಾಲ್ಫ್ ಆಕರ್ಮನ್ ಎಂಬವನು ಅದಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟು ಪಡೆದುದರಿಂದ ಅದು ಅವನ ಹೆಸರಿನಲ್ಲಿಯೇ ಪ್ರಸಿದ್ಧವಾಯಿತು. ಇಂದಿನ ಕಾರಿನ ಸ್ಟಿಯರಿಂಗಿಗೂ ಅದೇ ತತ್ತ್ವವೇ ಆಧಾರ.

2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಮುಂಭಾಗದ ಹಲವು ಕೀಲುಗಳಿಗೆ ಆಗಾಗ ಗ್ರೀಸು ತುಂಬಬೇಕಾಗಿತ್ತು. ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಚ್ಚಿದಂತೆಯೇ. 1983ರ ಡಿಸೆಂಬರಿನಲ್ಲಿ ಮಾರುತಿ 800 ಕಾರು ಬಂದ ಮೇಲೆ ನಮ್ಮಲ್ಲಿ ಬೇರೊಂದು ರಚನೆ ಮನೆಮಾತಾಯಿತು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ನನ ಹೆಸರು ಹೊತ್ತ ಸ್ಟ್ರಟ್ ಎಂಬ ಕಂಬವೇ ಅದು. ಶಾಕ್ ಅಬ್ಸಾರ್ಬರ್ ಮತ್ತು ಸುರುಳಿ ಸ್ಪ್ರಿಂಗು ಇದರಲ್ಲಿ ಒಂದೇ ಕಂಬವಾಗಿ ಕೂಡಿರುತ್ತವೆ. ಕಂಬದ ತಲೆ ಒಂದು ಬೇರಿಂಗಿನ ಮೂಲಕ ಕಾರಿನ ಮೈಗೆ ಸೇರುತ್ತದೆ. ಬುಡ ಗಾಲಿಯ ಗುಂಬಕ್ಕೆ ಸೇರುತ್ತದೆ. ಗುಂಬವನ್ನು ಕೆಳಗಿನಿಂದ ಲೋವರ್ ಆರ್ಮ್ ಎಂಬ ತೋಳು ಹಿಡಿದಿರುತ್ತದೆ. ತೋಳಿನ ಒಂದು ತುದಿಯಲ್ಲಿ ಬಾಲ್ ಜಾಯಿಂಟು, ಇನ್ನೊಂದು ತುದಿಯಲ್ಲಿ ರಬ್ಬರಿನ ಬುಶ್ಶುಗಳು. ಸ್ಟಿಯರಿಂಗಿನ ಆಜ್ಞೆಯನ್ನು ಗಾಲಿಗೆ ಮುಟ್ಟಿಸುವುದು ಟೈ ರಾಡ್. ಕಾರು ತಿರುವಿನಲ್ಲಿ ಓರೆಯಾಗದಂತೆ ಎಡಬಲದ ಗಾಲಿಗಳನ್ನು ಬೆಸೆಯುವ ಅಡ್ಡ ಸರಳು ಸ್ಟೆಬಿಲೈಜರ್ ಬಾರ್. ಅನೇಕ ಕಾರುಗಳಲ್ಲಿ ಅದನ್ನು ಎರಡು ಕಡೆಗೂ ಲಿಂಕ್ ರಾಡುಗಳು ಹಿಡಿದಿರುತ್ತವೆ. ಈ ಕೆಲವೇ ಹೆಸರುಗಳು ನೆನಪಿನಲ್ಲಿದ್ದರೆ ಮುಂದಿನ ವಿಚಾರ ಸುಲಭವಾಗುವುದು.

ಸದ್ದು ಕೇಳಿಸುವ ಸಮಯ

ಬನಹಟ್ಟಿಯ ನೇಕಾರನು ಮಗ್ಗದ ಲಯ ತಪ್ಪಿದೊಡನೆ ತಲೆಯೆತ್ತುತ್ತಾನೆ. ಸದ್ದು ದೊಡ್ಡದೋ ಸಣ್ಣದೋ ಎಂಬುದಕ್ಕಿಂತ ಅದು ಮಗ್ಗದ ಯಾವ ಚಲನೆಯೊಡನೆ ಬಂದಿತೆಂಬುದೇ ಅವನಿಗೆ ಮುಖ್ಯ. ಕಾರಿನ ಪರೀಕ್ಷೆಯಲ್ಲಿಯೂ ಇದೇ ನ್ಯಾಯ. ಸದ್ದು ಕೇಳಿಬಂದ ಸ್ಥಳವನ್ನು ಮಾತ್ರ ನಂಬುವಂತಿಲ್ಲ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಚಲಿಸುವ ಶಬ್ದವು ಉಕ್ಕಿನಲ್ಲಿ ಸುಮಾರು 5000 ಮೀಟರು ಚಲಿಸುತ್ತದೆ. ಎಡಗಾಲಿಯಲ್ಲಿ ಹುಟ್ಟಿದ ಸದ್ದು ಕಾರಿನ ಲೋಹದ ಮೈಯಲ್ಲಿ ಕ್ಷಣಮಾತ್ರದಲ್ಲಿ ಹರಡಿ, ಬಲಗಡೆ ಕುಳಿತ ಚಾಲಕನ ಕಾಲಬುಡದಲ್ಲಿಯೇ ಹುಟ್ಟಿದಂತೆ ತೋರಬಹುದು. ಆದುದರಿಂದ ಸ್ಥಳಕ್ಕಿಂತ ಸಮಯವನ್ನು ಗಮನಿಸುವುದು ಲೇಸು.

ಮೊದಲನೆಯದಾಗಿ, ರಸ್ತೆಯ ಅಗಲಕ್ಕೂ ಹಾಕಿದ ಉಬ್ಬನ್ನು ಎರಡೂ ಮುಂಗಾಲಿಗಳು ಒಮ್ಮೆಗೇ ಏರುವಂತೆ ನಿಧಾನವಾಗಿ ದಾಟಬೇಕು. ಆಮೇಲೆ ಒಂದೇ ಗಾಲಿ ಸಣ್ಣ ತಗ್ಗಿಗೆ ಇಳಿಯುವಂತೆ ಓಡಿಸಬೇಕು. ಎರಡು ಗಾಲಿಗಳೂ ಸಮವಾಗಿ ಏರಿದಾಗ ಸ್ಟೆಬಿಲೈಜರ್ ಬಾರ್ ತಿರುಚಿಕೊಳ್ಳುವುದಿಲ್ಲ. ಲಿಂಕ್ ರಾಡುಗಳ ಮೇಲೆ ಹೆಚ್ಚು ಒತ್ತಡ ಬೀಳುವುದಿಲ್ಲ. ಒಂದೇ ಗಾಲಿ ಇಳಿದಾಗ ಬೀಳುತ್ತದೆ. ಆದುದರಿಂದ ಉಬ್ಬಿನಲ್ಲಿ ಸುಮ್ಮನಿದ್ದು ತಗ್ಗಿನಲ್ಲಿ ‘ಟಕಟಕ’ ಎನ್ನುವ ಕಾರಿನಲ್ಲಿ ಮೊದಲು ಲಿಂಕ್ ರಾಡುಗಳನ್ನು ಸಂಶಯಿಸಬೇಕು. ಎರಡು ಸಂದರ್ಭಗಳಲ್ಲಿಯೂ ಬರುವ ಸದ್ದಿಗೆ ಸ್ಟ್ರಟ್ಟಿನ ತಲೆಯ ನಟ್ಟು, ಬಾಲ್ ಜಾಯಿಂಟು, ತೋಳಿನ ಬುಶ್ಶುಗಳನ್ನು ನೋಡಬೇಕು.

ಎರಡನೆಯದಾಗಿ, ಬ್ರೇಕನ್ನು ಹಗುರವಾಗಿ ಒತ್ತಿದೊಡನೆ ನಿಲ್ಲುವ ಗಡಗಡ ಸದ್ದು ಬಹುಶಃ ಸಡಿಲವಾಗಿ ಕೂತ ಬ್ರೇಕ್ ಪ್ಯಾಡಿನದು. ಸ್ಟ್ರಟ್ ಬಿಚ್ಚುವಾಗ ಬ್ರೇಕಿನ ಭಾಗವನ್ನೂ ಸರಿಸಿರುತ್ತಾರೆಂಬುದನ್ನು ನೆನೆಯಬೇಕು. ಬ್ರೇಕು ಒತ್ತಿದಾಗಲೇ ‘ಧಡ್’ ಎಂದರೆ ತೋಳು ಹಿಂದು ಮುಂದಾಗುತ್ತಿದೆಯೆಂದು ತಿಳಿಯಬಹುದು.

ಮೂರನೆಯದಾಗಿ, ಸ್ಟಿಯರಿಂಗನ್ನು ಪೂರ್ತಿ ಹೊರಳಿಸಿ ವೇಗ ಹೆಚ್ಚಿಸುವಾಗ ಗಾಲಿಯ ಸುತ್ತಿನೊಡನೆ ‘ಕಟ್ ಕಟ್’ ಎಂಬ ಸದ್ದು ಬಂದರೆ ದೋಷ ಸಸ್ಪೆನ್ಷನ್ನಿನದಲ್ಲ. ಗಾಲಿಗೆ ಶಕ್ತಿ ತಲುಪಿಸುವ ಶಾಫ್ಟಿನ ಹೊರಗೀಲಿನದು. ಅದರ ರಬ್ಬರಿನ ಮುಸುಕು ಹರಿದಿದೆಯೇ ಎಂದು ನೋಡಬೇಕು.

ರಬ್ಬರಿನ ಬುಶ್ಶಿನ ಗುಟ್ಟು

ಹೊಸ ಬುಶ್ಶು ಕೆಲವೇ ತಿಂಗಳುಗಳಲ್ಲಿ ಹರಿದರೆ ಜನರು ಸಾಮಾನನ್ನು ಹಳಿಯುತ್ತಾರೆ. ಅನೇಕ ವೇಳೆ ತಪ್ಪು ಸಾಮಾನಿನದಲ್ಲ, ಅದನ್ನು ಬಿಗಿದ ಭಂಗಿಯದು. ಈ ಬುಶ್ಶಿನಲ್ಲಿ ಒಂದರೊಳಗೊಂದು ಇರುವ ಎರಡು ಉಕ್ಕಿನ ಕೊಳವೆಗಳ ನಡುವೆ ರಬ್ಬರು ಅಂಟಿಕೊಂಡಿರುತ್ತದೆ. ಬೋಲ್ಟನ್ನು ಬಿಗಿದಾಗ ಒಳಕೊಳವೆ ಅಲುಗದಂತೆ ನಿಲ್ಲುತ್ತದೆ. ಆಮೇಲೆ ತೋಳು ಮೇಲೆ ಕೆಳಗೆ ಆಡಿದಂತೆಲ್ಲ ಆ ರಬ್ಬರು ತಿರುಚಿಕೊಂಡು ಮರಳಬೇಕು. ಜಾರುವುದಕ್ಕೆ ಅಲ್ಲಿ ಎಡೆಯಿಲ್ಲ.

ಕಾರನ್ನು ಮೇಲೆತ್ತಿ ಗಾಲಿಗಳು ನೇತಾಡುತ್ತಿರುವಾಗಲೇ ಬೋಲ್ಟನ್ನು ಪೂರ್ತಿ ಬಿಗಿದರೆ ಏನಾಗುವುದು? ತೋಳಿನ ಉದ್ದ 350 ಮಿಲಿಮೀಟರು, ನೇತಾಡುವ ಗಾಲಿ 90 ಮಿಲಿಮೀಟರು ಕೆಳಗಿಳಿದಿದೆ ಎಂದುಕೊಳ್ಳೋಣ. ಆಗ ತೋಳು ಸುಮಾರು 15 ಡಿಗ್ರಿ ಬಾಗಿರುತ್ತದೆ. ಕಾರನ್ನು ನೆಲಕ್ಕಿಳಿಸಿದೊಡನೆ ರಬ್ಬರು ಅಷ್ಟೂ ಕೋನ ತಿರುಚಿಕೊಳ್ಳುತ್ತದೆ. ಬಟ್ಟೆ ಹಿಂಡುವಾಗ ಮುರಿಗೆಯಾಗುವಂತೆ, ಕಾರು ಮನೆಯ ಮುಂದೆ ನಿಂತಾಗಲೂ ಅದಕ್ಕೆ ಬಿಡುವಿಲ್ಲ. ಇದರಿಂದ ಕಿರುಗುಡುವಿಕೆ ಹುಟ್ಟಬಹುದು. ಬುಶ್ಶು ಬೇಗನೆ ಹರಿಯುವುದಂತೂ ಖಂಡಿತ. ಪರಿಹಾರ ಸರಳವಾದುದು. ಬೋಲ್ಟುಗಳನ್ನು ಸಡಿಲಿಸಿ, ಗಾಲಿಗಳ ಮೇಲೆ ಕಾರಿನ ಭಾರವನ್ನು ಬಿಟ್ಟು, ಅದೇ ಭಂಗಿಯಲ್ಲಿ ತಯಾರಕರು ಹೇಳಿದ ಬಲದಷ್ಟು ಟಾರ್ಕ್ ಪಾನಾದಿಂದ ಬಿಗಿಯಬೇಕು.

ಹೊರಳಿದ ಸ್ಟಿಯರಿಂಗು ಮರಳದಿದ್ದರೆ

ಸೈಕಲ್ಲಿನ ಮುಂದಿನ ಫೋರ್ಕು ನೆಟ್ಟಗಿರದೆ ಹಿಂದಕ್ಕೆ ಓರೆಯಾಗಿರುವುದನ್ನು ಎಲ್ಲರೂ ನೋಡಿದ್ದಾರೆ. ಕಾರಿನ ಮುಂಗಾಲಿ ಹೊರಳುವ ಅಕ್ಷವೂ ಹಾಗೆಯೇ ಓರೆಯಾಗಿರುತ್ತದೆ. ತಿರುವು ಮುಗಿದು ಕೈ ಸಡಿಲಿಸಿದಾಗ ಸ್ಟಿಯರಿಂಗು ತಾನಾಗಿ ನಡುವಿಗೆ ಮರಳುವುದಕ್ಕೆ ಈ ಓರೆಯೇ ಮುಖ್ಯ ಕಾರಣ. ಸ್ಟ್ರಟ್ಟಿನ ತಲೆಯ ಬೇರಿಂಗು ಸರಿಯಾಗಿ ಕೂರದಿದ್ದರೆ ಅಥವಾ ಬಾಲ್ ಜಾಯಿಂಟು ಅತಿ ಬಿಗಿಯಾಗಿದ್ದರೆ ಗಾಲಿ ಮರಳಲು ತಡೆಯುಂಟಾಗುತ್ತದೆ. ಆಗ ಬಲಕ್ಕೆ ತಿರುಗಿದ ಮೇಲೆ ಕಾರು ಬಲಕ್ಕೆ ಎಳೆಯುತ್ತದೆ. ಎಡಕ್ಕೆ ತಿರುಗಿದ ಮೇಲೆ ಎಡಕ್ಕೆ ಎಳೆಯುತ್ತದೆ. ಹೀಗೆ ದಿಕ್ಕು ಬದಲಿಸುವ ಎಳೆತವನ್ನು ಟೈರಿನ ದೋಷವೆಂದು ಎಣಿಸಬಾರದು.

ಇದರ ಇನ್ನೊಂದು ಕುರುಹು, ನಿಂತ ಕಾರಿನಲ್ಲಿ ಸ್ಟಿಯರಿಂಗ್ ಹೊರಳಿಸಿದಾಗ ಬರುವ ‘ಟಂಗ್’ ಎಂಬ ನಾದ. ತಿರುಗಬೇಕಾದ ಸ್ಪ್ರಿಂಗು ತಿರುಗದೆ ಬಿಗಿದುಕೊಂಡು, ಕೊನೆಗೆ ತಟಕ್ಕನೆ ಜಿಗಿಯುವುದರಿಂದ ಈ ನಾದ ಹುಟ್ಟುತ್ತದೆ. ಸಹಾಯಕನೊಬ್ಬನು ಸ್ಟಿಯರಿಂಗನ್ನು ನಿಧಾನವಾಗಿ ಹೊರಳಿಸುವಾಗ ಸ್ಪ್ರಿಂಗಿನ ಹೊರಮೈಗೆ ಅಂಗೈ ತಾಗಿಸಿದರೆ ಆ ಜಿಗಿತ ಕೈಗೇ ತಿಳಿಯುತ್ತದೆ. ಬೆರಳುಗಳನ್ನು ಮಾತ್ರ ಸುರುಳಿಗಳ ನಡುವೆ ಎಂದಿಗೂ ಇಡಬಾರದು.

ಒಂದೇ ಪಕ್ಕಕ್ಕೆ ಎಳೆಯುವ ಕಾರು

ಕಾರು ಯಾವಾಗಲೂ ಒಂದೇ ಪಕ್ಕಕ್ಕೆ ಎಳೆದರೆ ಮೊದಲು ಟೈರುಗಳ ಗಾಳಿಯನ್ನು ಸಮ ಮಾಡಬೇಕು. ನೀರು ಹರಿದುಹೋಗಲೆಂದು ರಸ್ತೆಯನ್ನು ನಡುವೆ ಎತ್ತರಿಸಿರುತ್ತಾರೆ. ಎಡಬದಿಯಲ್ಲಿ ಸಾಗುವ ನಮ್ಮ ಕಾರು ತುಸು ಎಡಕ್ಕೆ ಜಾರುವುದು ಸಹಜ. ಆದುದರಿಂದ ಸಮತಲವಾದ, ಸಂಚಾರವಿಲ್ಲದ ಜಾಗದಲ್ಲಿ ಪರೀಕ್ಷಿಸಬೇಕು. ಆಮೇಲೂ ಎಳೆದರೆ, ಒಂದೇ ದಿಕ್ಕಿಗೆ ಸುತ್ತಬೇಕಾದ ಜಾತಿಯವಲ್ಲದ ಟೈರುಗಳಾಗಿದ್ದಲ್ಲಿ, ಮುಂದಿನ ಎರಡು ಗಾಲಿಗಳನ್ನು ಎಡಬಲ ಬದಲಿಸಿ ನೋಡಬೇಕು. ಎಳೆತದ ದಿಕ್ಕೂ ಬದಲಾದರೆ ದೋಷ ಟೈರಿನದು. ಬದಲಾಗದಿದ್ದರೆ ಗಾಲಿಗಳ ಕೋನವನ್ನೂ ಬ್ರೇಕನ್ನೂ ಪರೀಕ್ಷಿಸಬೇಕು.

ಟೈ ರಾಡಿನ ತುದಿ ಬದಲಿಸಿದಾಗ ಗಾಲಿ ನೋಡುವ ದಿಕ್ಕು ಕೆಡುತ್ತದೆ. ಸ್ಟ್ರಟ್ಟನ್ನು ಗುಂಬಕ್ಕೆ ಬಿಗಿಯುವ ಬೋಲ್ಟಿನ ತೂತುಗಳಲ್ಲಿ ತುಸು ಎಡೆಯಿರುವುದರಿಂದ ಮರುಜೋಡಣೆಯಲ್ಲಿ ಗಾಲಿಯ ಓರೆಯೂ ಬದಲಾಗಬಹುದು. ಈ ಚಿಕ್ಕ ವ್ಯತ್ಯಾಸದ ಪರಿಣಾಮ ಚಿಕ್ಕದಲ್ಲ. 600 ಮಿಲಿಮೀಟರು ವ್ಯಾಸದ ಗಾಲಿಯ ಮುಂದಂಚು ಹಿಂದಂಚಿಗಿಂತ 3 ಮಿಲಿಮೀಟರು ಒಳಕ್ಕೆ ವಾಲಿದೆಯೆನ್ನೋಣ. ಆಗ ಅದು ಕಾರು ಸಾಗಿದ ಪ್ರತಿ 200 ಮೀಟರಿಗೆ 1 ಮೀಟರು ಪಕ್ಕಕ್ಕೆ ಹೋಗಬಯಸುತ್ತದೆ, ಕಾರು ಬಿಡುವುದಿಲ್ಲ. ಹೀಗೆ ಕಿಲೋಮೀಟರಿಗೆ 5 ಮೀಟರಿನಷ್ಟು ಟೈರು ರಸ್ತೆಯ ಮೇಲೆ ಅಡ್ಡಕ್ಕೆ ಉಜ್ಜಿಕೊಳ್ಳುತ್ತದೆ. ಹೊಸ ಟೈರು ಒಂದೇ ಅಂಚಿನಲ್ಲಿ ಸವೆಯುವುದು ಇದರಿಂದಲೇ. ಆದುದರಿಂದ ಇಂಥ ದುರಸ್ತಿಯ ಕೊನೆಯ ಹೆಜ್ಜೆ ವ್ಹೀಲ್ ಅಲೈನ್‌ಮೆಂಟ್. ಅದನ್ನು ಬಿಟ್ಟರೆ ಕೆಲಸ ಅರ್ಧವೇ ಆದಂತೆ. ಕಾರು ನೆಟ್ಟಗೆ ಓಡುತ್ತಿದ್ದರೂ ಸ್ಟಿಯರಿಂಗ್ ಚಕ್ರ ವಾರೆಯಾಗಿ ನಿಂತರೆ, ಎಡಬಲದ ಟೈ ರಾಡುಗಳನ್ನು ಸಮವಾಗಿ ಹೊಂದಿಸಿಲ್ಲವೆಂದು ಅರ್ಥ. ವಿದ್ಯುತ್ ಸಹಾಯದ ಸ್ಟಿಯರಿಂಗುಳ್ಳ ಅನೇಕ ಕಾರುಗಳಲ್ಲಿ ತಿರುವಿನ ಕೋನವನ್ನು ಅಳೆಯುವ ಸೆನ್ಸರಿಗೂ ಹೊಸ ನಡುವನ್ನು ತಿಳಿಸಬೇಕಾಗುತ್ತದೆ.

ಕೈಯಿಂದ ಮಾಡುವ ಪರೀಕ್ಷೆ

ಸಮನಾದ ಗಟ್ಟಿ ನೆಲದ ಮೇಲೆ ಹ್ಯಾಂಡ್ ಬ್ರೇಕು ಎಳೆದು, ಹಿಂದಿನ ಗಾಲಿಗಳಿಗೆ ಅಡ್ಡಕಟ್ಟಿಗೆ ಇಟ್ಟು, ಜ್ಯಾಕಿನಿಂದ ಕಾರನ್ನೆತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಇಟ್ಟಿಗೆ ಕಲ್ಲುಗಳ ಮೇಲೆ ನಿಲ್ಲಿಸಿದ ಕಾರಿನ ಕೆಳಗೆ ಹೋಗುವುದು ಪ್ರಾಣಕ್ಕೆ ಎರವು. ಗಾಲಿಯನ್ನು ಎಡಬಲ ಅಂಚುಗಳಲ್ಲಿ ಹಿಡಿದು ಅಲುಗಿಸಿದಾಗ ಸಡಿಲ ಕಂಡರೆ ಟೈ ರಾಡಿನ ಕಡೆ ನೋಡಬೇಕು. ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕಂಡರೆ ಅದು ಗಾಲಿಯ ಬೇರಿಂಗಿನದೋ ಬಾಲ್ ಜಾಯಿಂಟಿನದೋ ಆಗಿರಬೇಕು. ಆಗ ಇನ್ನೊಬ್ಬರಿಂದ ಬ್ರೇಕು ಒತ್ತಿಸಬೇಕು. ಸಡಿಲ ಮಾಯವಾದರೆ ಬೇರಿಂಗು. ಉಳಿದರೆ ಬಾಲ್ ಜಾಯಿಂಟು.

ಸ್ಟ್ರಟ್ಟಿನ ಸ್ಪ್ರಿಂಗನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು. ಅದುಮಿ ಕೂರಿಸಿದ ಸ್ಪ್ರಿಂಗು ಸಿಡಿದರೆ ಎದುರಿಗಿದ್ದವರನ್ನು ಕೊಲ್ಲಬಲ್ಲದು.

ಕಾಯಬಾರದ ದೋಷಗಳು

ಲಿಂಕ್ ರಾಡಿನ ಟಕಟಕ ನಾಲ್ಕು ದಿನ ಕಾದೀತು. ಗಾಲಿಯ ನಟ್ಟು, ಬಾಲ್ ಜಾಯಿಂಟು, ಟೈ ರಾಡಿನ ತುದಿ – ಈ ಮೂರರ ಸಡಿಲ ಒಂದು ದಿನವೂ ಕಾಯಲಾರದು. ಬಾಲ್ ಜಾಯಿಂಟು ಕಳಚಿದರೆ ಗಾಲಿ ಮಡಚಿಬೀಳುತ್ತದೆ. ಟೈ ರಾಡ್ ಕಳಚಿದರೆ ಸ್ಟಿಯರಿಂಗು ಕೈಯಲ್ಲಿದ್ದರೂ ಆ ಗಾಲಿ ಮಾತು ಕೇಳುವುದಿಲ್ಲ. ಕಬ್ಬಿನ ಟ್ರೇಲರು ಎದುರಿಗೆ ಬರುತ್ತಿರುವ ರಾತ್ರಿ ಹೀಗಾದರೆ ಪರಿಣಾಮವೇನೆಂದು ಹೇಳಬೇಕಾಗಿಲ್ಲ.

ಆದುದರಿಂದ ಗ್ಯಾರೇಜಿನಿಂದ ಕಾರನ್ನು ಬಿಡಿಸಿಕೊಳ್ಳುವಾಗ ಮಿಸ್ತ್ರಿಯನ್ನು ನಾಲ್ಕು ಮಾತು ಕೇಳಬೇಕು. ಯಾವ ಯಾವ ಬೋಲ್ಟುಗಳನ್ನು ಬಿಚ್ಚಿದಿರಿ? ಬುಶ್ಶುಗಳನ್ನು ಕಾರಿನ ಭಾರ ಗಾಲಿಯ ಮೇಲಿದ್ದಾಗ ಬಿಗಿದಿರಾ? ಒಮ್ಮೆ ಬಿಚ್ಚಿದ ಲಾಕ್ ನಟ್ಟು, ಸ್ಪ್ಲಿಟ್ ಪಿನ್ನುಗಳಿಗೆ ಬದಲಾಗಿ ಹೊಸವನ್ನು ಹಾಕಿದಿರಾ? ಅಲೈನ್‌ಮೆಂಟ್ ಆಯಿತೆ? ಉತ್ತರಗಳನ್ನು ಬಿಲ್ಲಿನ ಹಿಂದೆ ಬರೆದಿಟ್ಟುಕೊಂಡರೆ ಮುಂದೆ ಸದ್ದು ಬಂದಾಗ ಹುಡುಕುವ ಜಾಗ ಗೊತ್ತಿರುತ್ತದೆ. ನೂರು ಕಿಲೋಮೀಟರಿನೊಳಗೆ ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡುವುದನ್ನು ಮರೆಯಬಾರದು. ಇದಕ್ಕೆ ಬೇಕಾದುದು ಒಂದು ಪಾನಾ ಮತ್ತು ಐದು ನಿಮಿಷದ ವೇಳೆ.