ಕಂಪನಿ ಗಾಡಿ ವಾಪಸ್ ಕರೆದಾಗ: ಇಜೇರಿಯವರಿಗೆ ಎಂಟು ಸೂತ್ರ

ಅಮೆರಿಕದ ಮಿನ್ನೆಸೋಟದಲ್ಲಿ ಪೋಲಾರಿಸ್, ಆರ್ಕ್ಟಿಕ್ ಕ್ಯಾಟ್ ಎಂಬ ಕಂಪನಿಗಳಿವೆ. ಹಿಮದ ಮೇಲೆ ಓಡುವ ಸ್ನೋಮೊಬೈಲ್ ಮಾಡುವುದು ಅವುಗಳ ಕಸುಬು. ಇಂಧನ ಸೋರಿ ಬೆಂಕಿ ಹತ್ತಬಹುದೆಂದು ಅವು ಮಾರಿದ ಗಾಡಿಗಳನ್ನು ಎಷ್ಟೋ ಸಲ ವಾಪಸ್ ಕರೆಸಿ ರಿಪೇರಿ ಮಾಡಿಕೊಟ್ಟಿವೆ. ಇದಕ್ಕೇ ರೀಕಾಲ್ ಎನ್ನುವುದು. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುವ ಜೇವರ್ಗಿ ಸೀಮೆಗೆ ಹಿಮ ಎಲ್ಲಿಂದ ಬರಬೇಕು! ಆದರೆ ಟ್ಯಾಂಕು, ಪೈಪು, ಕ್ಲಿಪ್ಪು, ಕಿಡಿ ಇಷ್ಟು ಸಾಮಾನು ಇದೇ ಸೀಮೆಯ ನಮ್ಮೂರು ಇಜೇರಿಯ ಬೈಕಿನಲ್ಲೂ ಇದೆ.

1. ಮೂಗಿನ ಮಾತು ಕೇಳಿ.
ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ. ರಾತ್ರಿ ಕಳ್ಳರ ಭಯಕ್ಕೆ ಬೈಕನ್ನು ಪಡಸಾಲೆಯೊಳಗೆ ತಂದು ನಿಲ್ಲಿಸುವವರು ಇದನ್ನು ನೆನಪಿಡಬೇಕು, ಒಲೆ ಅಲ್ಲೇ ಪಕ್ಕದ ಕೋಣೆಯಲ್ಲಿರುತ್ತದೆ. ಬೆಳಿಗ್ಗೆ ವಾಸನೆ ಬಂತೋ, ಲೈಟಿನ ಸ್ವಿಚ್ ಮುಟ್ಟಬೇಡಿ, ಗಾಡಿ ಚಾಲೂ ಮಾಡಬೇಡಿ. ಬಾಗಿಲು ತೆರೆದು ತಳ್ಳಿಕೊಂಡೇ ಹೊರಗೆ ಒಯ್ಯಿರಿ.

2. ರೀಕಾಲ್ ಎಂದರೆ ಮುಖ ಸಿಂಡರಿಸಬೇಡಿ.
2010ರ ಫೆಬ್ರುವರಿಯಲ್ಲಿ ಮಾರುತಿ ಸುಜುಕಿ ಸುಮಾರು 1 ಲಕ್ಷ ಎ-ಸ್ಟಾರ್ ಕಾರುಗಳನ್ನು ವಾಪಸ್ ಕರೆಯಿತು. ಇಂಧನ ಪಂಪಿನ ಗ್ಯಾಸ್ಕೆಟ್ ಹತ್ತಿರ ಪೆಟ್ರೋಲ್ ಸೋರುವ ಸಂಭವವಿತ್ತು. 2019ರ ಆಗಸ್ಟ್‌ನಲ್ಲಿ ಅದೇ ಕಂಪನಿ 40,618 ವ್ಯಾಗನ್-ಆರ್ ಕಾರುಗಳನ್ನು ಕರೆಸಿತು. ಇಂಧನದ ಪೈಪು ಲೋಹದ ಕ್ಲಾಂಪಿಗೆ ಉಜ್ಜುತ್ತಿರಬಹುದು ಎಂಬುದೇ ಕಾರಣ. ಒಂದು ಕ್ಲಾಂಪಿಗಾಗಿ ನಲವತ್ತು ಸಾವಿರ ಕಾರು! ಇಷ್ಟು ಸಣ್ಣದಕ್ಕೆ ಇಷ್ಟು ಗದ್ದಲ ಮಾಡುವ ಕಂಪನಿಯ ಮೇಲೆ ನನಗೆ ನಂಬಿಕೆ ಹೆಚ್ಚೇ ಆಗುತ್ತದೆ. ಏನೂ ಕರೆಯದೆ ಸುಮ್ಮನಿರುವವರ ಮೇಲೆ ಅನುಮಾನ.

3. ಚಾಸಿಸ್ ನಂಬರ್ ಬರೆದಿಟ್ಟುಕೊಳ್ಳಿ.
ನಮ್ಮ ಕಡೆ ದೊಡ್ಡ ತೂತು ಇರುವುದು ಇಲ್ಲಿಯೇ. ತೊಗರಿ ರಾಶಿ ಮುಗಿದು ಕೈಗೆ ರೊಕ್ಕ ಬಂದಾಗ ಸೆಕೆಂಡ್ ಹ್ಯಾಂಡ್ ಗಾಡಿ ಕೈ ಬದಲಾಗುತ್ತದೆ. ಆರ್‌ಸಿ ಮಾತ್ರ ಹಳೆಯ ಮಾಲೀಕನ ಹೆಸರಲ್ಲೇ ಉಳಿಯುತ್ತದೆ. ಕಂಪನಿಯ ಫೋನು, ಪತ್ರ ಎಲ್ಲ ಅವನಿಗೆ. ಅವನು ದುಡಿಯಲು ಪುಣೆಗೋ ಹೈದರಾಬಾದಿಗೋ ಹೋಗಿರುತ್ತಾನೆ, ಸೋರುವ ಗಾಡಿ ನಿಮ್ಮ ಅಂಗಳದಲ್ಲಿರುತ್ತದೆ. ಆದ್ದರಿಂದ ಗಾಡಿ ಕೊಳ್ಳುವ ಮೊದಲೇ ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಗಾಡಿಯ ಮೇಲೆ ಕೊರೆದ ನಂಬರಿನ ಜೊತೆ ತಾಳೆ ನೋಡಿ. ಕಲಬುರಗಿಯ ಶೋರೂಮಿನ ಸರ್ವಿಸ್ ಕೌಂಟರಿನಲ್ಲಿ ಅದನ್ನು ಕೊಟ್ಟು, 'ಇದರ ಮೇಲೆ ರೀಕಾಲ್ ಬಾಕಿ ಇದೆಯಾ ನೋಡಿ ಹೇಳ್ರಿ' ಎಂದು ಕೇಳಿ. ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸುವಾಗ ನೀವು ಬಳಸುವ ಫೋನ್ ನಂಬರನ್ನೇ ಕೊಡಿ, ಏಜೆಂಟನದ್ದು ಬೇಡ.

4. ರೀಕಾಲ್ ರಿಪೇರಿಗೆ ರೊಕ್ಕ ಕೊಡಬೇಡಿ.
2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 110-ಎ ಕಲಮಿನ ಪ್ರಕಾರ, ದೋಷವಿರುವ ಗಾಡಿಗಳನ್ನು ವಾಪಸ್ ಕರೆಸಲು ಕೇಂದ್ರ ಸರ್ಕಾರ ಆದೇಶಿಸಬಹುದು. ಖರ್ಚು ಕಂಪನಿಯದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ತಯಾರಾಗಿ 7 ವರ್ಷ ದಾಟದ ಗಾಡಿಗಳಿಗೆ ಮಾತ್ರ ಅನ್ವಯ. ಕಂಪನಿ ತಾನಾಗಿಯೇ ದೋಷ ಕಂಡು, ಸರ್ಕಾರಕ್ಕೆ ತಿಳಿಸಿ ಕರೆಸಿದರೆ ದಂಡದಿಂದ ಬಚಾವ್. ಕಂಪನಿಗಳು ಈಚೆಗೆ ತಾವೇ ಮುಂದೆ ಬರುತ್ತಿರುವುದರ ಹಿಂದೆ ಈ ಲೆಕ್ಕಾಚಾರವೂ ಇದೆ.

5. ಎಲ್ಲ ಬೆಂಕಿಗೂ ಕಂಪನಿಯನ್ನೇ ಬೈಯಬೇಡಿ.
2022ರ ಜೂನ್ 3ರಂದು ನಮ್ಮದೇ ಕಲಬುರಗಿ ಜಿಲ್ಲೆಯ ಕಮಲಾಪುರದ ಹತ್ತಿರ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸು ಗೂಡ್ಸ್ ಗಾಡಿಗೆ ಡಿಕ್ಕಿಯಾಗಿ ಉರುಳಿ ಹೊತ್ತಿ ಉರಿಯಿತು. ಏಳು ಜನ ಸುಟ್ಟು ಸತ್ತರು. ಅದು ಅಪಘಾತದ ಬೆಂಕಿ, ತಯಾರಿಕೆಯ ದೋಷವೆನ್ನಲು ಬರುವುದಿಲ್ಲ. ಇನ್ನು ನಾವೇ ಹಚ್ಚಿಕೊಳ್ಳುವ ಬೆಂಕಿ ಬೇರೆ: ವೈರು ಕತ್ತರಿಸಿ ಹಾಕಿಸಿದ ಎಲ್‌ಇಡಿ ಲೈಟು, ಲಾರಿಯ ಹಾರ್ನು, ಪೈಪಿಗೆ ಕ್ಲಿಪ್ಪಿನ ಬದಲು ಕಟ್ಟಿದ ತಂತಿ. ಇವನ್ನು ಕಂಡರೆ ಕಂಪನಿ ಕೈ ತೊಳೆದುಕೊಳ್ಳುತ್ತದೆ, ಅದರಲ್ಲಿ ತಪ್ಪೂ ಇಲ್ಲ.

6. ಹಳೆಯ ಬೈಕಿನ ರಬ್ಬರ್ ಪೈಪು ನೋಡಿಸಿ.
ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಮಾರಾಟಕ್ಕೆ ಚಾಲನೆ ಸಿಕ್ಕಿದ್ದು ಬೆಂಗಳೂರಿನಲ್ಲಿ, 2023ರ ಫೆಬ್ರುವರಿ 6ರಂದು. ಕೆಲವು ಹಳೆಯ ಗಾಡಿಗಳಲ್ಲಿ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದೆಂದು ಪೆಟ್ರೋಲಿಯಂ ಸಚಿವಾಲಯವೇ ಹೇಳಿದೆ. ಪೈಪು ಬಿರುಕು ಬಿಟ್ಟಿದ್ದರೆ, ಮೆತ್ತಗಾಗಿದ್ದರೆ ಬದಲಿಸಿಬಿಡಿ. ಅದಕ್ಕೆ ಬೀಳುವ ಖರ್ಚು ಒಂದು ಸಲ ಎಣ್ಣೆ ಹಾಕಿಸಿದಷ್ಟೂ ಆಗದು.

7. ಬ್ಯಾಟರಿ ಗಾಡಿಗೆ ಎಣ್ಣೆ ಇಲ್ಲ, ಬೆಂಕಿ ಇದೆ.
2022ರ ಮಾರ್ಚ್‌ನಲ್ಲಿ ಪುಣೆಯಲ್ಲಿ ಒಂದು ಸ್ಕೂಟರ್ ಹೊತ್ತಿಕೊಂಡ ಮೇಲೆ ಬೆಂಗಳೂರಿನ ಓಲಾ ಎಲೆಕ್ಟ್ರಿಕ್ 1,441 ಸ್ಕೂಟರ್‌ಗಳನ್ನು ತಪಾಸಣೆಗೆ ಕರೆಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಒಕಿನಾವಾ ಕಂಪನಿ 3,215 ಗಾಡಿ ಕರೆಸಿತು. ಮಲಗುವ ಕೋಣೆಯಲ್ಲಿ, ಹೊರಬಾಗಿಲಿಗೆ ಅಡ್ಡವಾಗಿ ಚಾರ್ಜಿಗೆ ಹಾಕಬೇಡಿ.

8. ಚೀಟಿ ಇಲ್ಲದೆ ಶೋರೂಮ್ ಬಿಡಬೇಡಿ.
ಸೋರುವ ಜಾಗದ ವಿಡಿಯೋ ಮಾಡಿಕೊಳ್ಳಿ, ಎಂಜಿನ್ ಬಂದ್ ಮಾಡಿ, ತುಸು ದೂರ ನಿಂತು. ಜಾಬ್ ಕಾರ್ಡಿನಲ್ಲಿ 'ಸಾಮಾನ್ಯ ಸರ್ವಿಸ್' ಎಂದು ಗೀಚಲು ಬಿಡದೆ 'ಪೆಟ್ರೋಲ್ ಸೋರಿಕೆ' ಎಂದೇ ಬರೆಸಿ. ಅವರು ಕಿವಿಗೆ ಹಾಕಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಅಲ್ಲಿಯೂ ಬಗೆಹರಿಯದಿದ್ದರೆ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಂಡ ಬೆಲೆ 5 ಲಕ್ಷ ರೂಪಾಯಿಯೊಳಗಿದ್ದರೆ ದೂರು ಶುಲ್ಕವಿಲ್ಲ, ಬಹುತೇಕ ಎಲ್ಲ ಬೈಕುಗಳೂ ಇದರೊಳಗೇ ಬರುತ್ತವೆ. ದೂರು ಕೊಡಲು ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಗಡುವು.